ಕಾರಿನ ಇಂಧನ ಪಂಪ್: ವಿದ್ಯುತ್ ದೋಷಗಳ ಪತ್ತೆ

ಪೆಟ್ರೋಲ್ ಕಾರಿನ ಟ್ಯಾಂಕಿನಿಂದ ಎಂಜಿನ್ನಿಗೆ ಇಂಧನವನ್ನು ಒತ್ತಡದಲ್ಲಿ ತಳ್ಳುವ ವಿದ್ಯುತ್ ಯಂತ್ರವೇ ಇಂಧನ ಪಂಪ್. ಗ್ಯಾರೇಜುಗಳಲ್ಲಿ ಇದನ್ನು ‘ಪೆಟ್ರೋಲ್ ಮೋಟರ್’ ಎನ್ನುತ್ತಾರೆ. ಪಂಪ್ ನಿಂತರೆ ಎಂಜಿನ್ ನಿಲ್ಲುತ್ತದೆ; ಪಂಪ್ ಸೊರಗಿದರೆ ಗಾಡಿ ಎಳೆಯುವುದಿಲ್ಲ. ಪಂಪು ಕೆಲಸ ಮಾಡುತ್ತಿಲ್ಲ ಎಂದಮಾತ್ರಕ್ಕೆ ಪಂಪೇ ಕೆಟ್ಟಿದೆ ಎಂದು ಅರ್ಥವಲ್ಲ. ಬ್ಯಾಟರಿ, ಫ್ಯೂಸ್, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ವೈರಿಂಗ್, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ಥ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ. ಆದ್ದರಿಂದ ಹೊಸ ಪಂಪ್ ತರುವ ಮೊದಲು ಹಳೆಯ ಪಂಪಿಗೆ ವಿದ್ಯುತ್ ಸರಿಯಾಗಿ ತಲುಪುತ್ತಿದೆಯೇ ಎಂದು, ಅದು ಓಡುತ್ತಿರುವಾಗಲೇ ಅಳೆದು ನೋಡುವುದು ದೋಷ ಪತ್ತೆಯ ಮೂಲ ನಿಯಮ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಕೃಷ್ಣಾ, ಘಟಪ್ರಭಾ ನದಿಗಳ ನೆರೆ, ಎರೆಮಣ್ಣಿನ ಕೆಸರು ಮತ್ತು ಧೂಳು, ನಲವತ್ತು ಡಿಗ್ರಿ ಮುಟ್ಟುವ ಬೇಸಿಗೆ, ಕಬ್ಬಿನ ಹೊಲಗಳ ಇಲಿ–ಹೆಗ್ಗಣ ಎಲ್ಲವೂ ಗಾಡಿಯ ವೈರಿಂಗಿನ ಮೇಲೆ ಪರಿಣಾಮ ಬೀರುತ್ತವೆ. ಈಗ ಪೆಟ್ರೋಲಿನಲ್ಲಿ ಬೆರೆತು ಬರುವ, ಪಂಪಿನ ಬಾಳಿಕೆಗೂ ಸಂಬಂಧಿಸಿದ ಎಥನಾಲ್ ಕೂಡ ಇದೇ ನೆಲದ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ.

ಬೆಳವಣಿಗೆ

ಕಾರ್ಬ್ಯುರೇಟರ್ ಕಾಲದ ಅಂಬಾಸಡರ್, ಮಾರುತಿ 800 ಮುಂತಾದ ಕಾರುಗಳಲ್ಲಿ ಇಂಧನ ಪಂಪಿಗೆ ವಿದ್ಯುತ್ ಬೇಕಿರಲಿಲ್ಲ. ಎಂಜಿನ್ನಿನ ಕ್ಯಾಮ್ ಒತ್ತಿದಂತೆ ರಬ್ಬರಿನ ಪೊರೆಯೊಂದು ಮೇಲೆ–ಕೆಳಗೆ ಆಡಿ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಕಾರ್ಬ್ಯುರೇಟರಿಗೆ ಅಲ್ಪ ಒತ್ತಡ ಸಾಕಾಗುತ್ತಿತ್ತು. ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬಂದ ಮೇಲೆ ಈ ವ್ಯವಸ್ಥೆ ಸಾಲದಾಯಿತು. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ತಂದ ಡಿ–ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ ವಿದ್ಯುತ್ ಪಂಪನ್ನು ಅವಲಂಬಿಸಿತ್ತು. ಭಾರತದಲ್ಲಿ 1998ರಲ್ಲಿ ಬಂದ ಹ್ಯುಂಡೈ ಸ್ಯಾಂಟ್ರೊ ಎಂಪಿಎಫ್ಐ (ಸಿಲಿಂಡರಿಗೊಂದು ಇಂಜೆಕ್ಟರ್ ಇರುವ) ಎಂಜಿನ್ನನ್ನು ಜನಬಳಕೆಗೆ ತಂದ ಕಾರುಗಳಲ್ಲಿ ಒಂದು. 2000ದಿಂದ ಹೊಗೆ ಉಗುಳುವಿಕೆಯ ನಿಯಮಗಳು ಬಿಗಿಯಾದಂತೆ ಕಾರ್ಬ್ಯುರೇಟರ್ ಹಿಂದೆ ಸರಿಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್–6 (ಭಾರತ್ ಸ್ಟೇಜ್ 6) ಹೊಗೆ ನಿಯಮ ಜಾರಿಯಾದ ಮೇಲೆ ಬೈಕು, ಸ್ಕೂಟರುಗಳಲ್ಲಿಯೂ ಇಂಜೆಕ್ಷನ್ ಮತ್ತು ವಿದ್ಯುತ್ ಪಂಪ್ ಸಾಮಾನ್ಯವಾದವು. ಹೀಗಾಗಿ ಇಲ್ಲಿ ವಿವರಿಸುವ ವಿಧಾನ ಬಹುಮಟ್ಟಿಗೆ ದ್ವಿಚಕ್ರ ವಾಹನಗಳಿಗೂ ಒಪ್ಪುತ್ತದೆ.

ರಚನೆ ಮತ್ತು ಕೆಲಸ

ಇಂದಿನ ಪಂಪ್ ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಅದರಲ್ಲಿರುವುದು 12 ವೋಲ್ಟಿನ ಡಿಸಿ ಮೋಟರ್. ಮೋಟರಿನ ತುದಿಯ ಪುಟ್ಟ ಚಕ್ರ (ಇಂಪೆಲ್ಲರ್) ತಿರುಗಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯ ಎಂಪಿಎಫ್ಐ ಕಾರುಗಳಲ್ಲಿ ಈ ಒತ್ತಡ ಸುಮಾರು 3ರಿಂದ 4 ಬಾರ್. ಪೆಟ್ರೋಲ್ ಮೋಟರಿನ ಒಳಗಿನಿಂದಲೇ ಹರಿದು ಅದನ್ನು ತಣಿಸುತ್ತದೆ. ಟ್ಯಾಂಕನ್ನು ಸದಾ ರಿಸರ್ವಿನಲ್ಲಿಟ್ಟು ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸವೆಯುವುದು ಇದೇ ಕಾರಣಕ್ಕೆ. ಪಂಪ್, ಒಳಗಿನ ಜಾಲರಿ, ಫಿಲ್ಟರ್, ಪೆಟ್ರೋಲ್ ಮಟ್ಟ ತೋರಿಸುವ ತೇಲುಬುರುಡೆ ಎಲ್ಲವೂ ಸೇರಿದ ಭಾಗವನ್ನು ‘ಪಂಪ್ ಅಸೆಂಬ್ಲಿ’ ಎನ್ನುತ್ತಾರೆ. ಹಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಇದರ ಮುಚ್ಚಳ ಸಿಗುತ್ತದೆ. ಕೆಲವದರಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕಾಗುತ್ತದೆ.

ಪಂಪಿನ ವಿದ್ಯುತ್ ಮಾರ್ಗ ಹೀಗಿದೆ: ಬ್ಯಾಟರಿಯಿಂದ ಫ್ಯೂಸ್ (ಸಾಮಾನ್ಯವಾಗಿ 15 ಅಥವಾ 20 ಆಂಪಿಯರ್), ಅಲ್ಲಿಂದ ರಿಲೇ, ರಿಲೇಯಿಂದ ಉದ್ದನೆಯ ವೈರ್ ಮೂಲಕ ಹಿಂದಿನ ಟ್ಯಾಂಕಿನ ಕಪ್ಲರ್, ಪಂಪ್, ಕೊನೆಗೆ ಬಾಡಿಗೆ ಬಿಗಿದ ಅರ್ಥ್. ರಿಲೇಗೆ ಆಜ್ಞೆ ಕೊಡುವುದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು. ಕೀ ತಿರುಗಿಸಿ ‘ಆನ್’ ಮಾಡಿದೊಡನೆ ಇಸಿಯು ಪಂಪನ್ನು ಎರಡು–ಮೂರು ಸೆಕೆಂಡು ಓಡಿಸಿ ಲೈನಿನಲ್ಲಿ ಒತ್ತಡ ತುಂಬಿಸುತ್ತದೆ. ಆಮೇಲೆ ಸೆಲ್ಫ್ ಹೊಡೆದಾಗ ಕ್ರ್ಯಾಂಕ್ ಸೆನ್ಸರ್‌ನಿಂದ ಎಂಜಿನ್ ತಿರುಗುತ್ತಿರುವ ಸುದ್ದಿ ಬಂದರೆ ಮಾತ್ರ ಪಂಪನ್ನು ಮುಂದುವರಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪೆಟ್ರೋಲ್ ಸುರಿಯುತ್ತಲೇ ಇರಬಾರದೆಂಬ ಸುರಕ್ಷತೆಗಾಗಿ ಈ ಏರ್ಪಾಡು.

ಲಕ್ಷಣಗಳು

ವಿದ್ಯುತ್ ದೋಷ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಪೂರ್ಣ ನಿಲುಗಡೆ: ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಹತ್ತುವುದಿಲ್ಲ, ಕೀ ಆನ್ ಮಾಡಿದಾಗ ಹಿಂದಿನಿಂದ ಬರಬೇಕಾದ ‘ಗುಂಯ್’ ಸದ್ದು ಇರುವುದಿಲ್ಲ. ಎರಡನೆಯದು ಅರೆಬರೆ ಪೂರೈಕೆ: ಖಾಲಿ ಗಾಡಿ ಸರಿಯಾಗಿ ಓಡುತ್ತದೆ, ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡುವಾಗ ಪಿಕಪ್ ಸಿಗುವುದಿಲ್ಲ, ಮಿಸ್ಸಿಂಗ್ ಬರುತ್ತದೆ. ಅರ್ಧ ಗಂಟೆ ಓಡಿದ ಮೇಲೆ ನಿಂತು, ತಣ್ಣಗಾದ ಬಳಿಕ ಮತ್ತೆ ಸ್ಟಾರ್ಟ್ ಆಗುವ ಗಾಡಿಗಳೂ ಇವೆ. ರಿಲೇಯೊಳಗಿನ ಬೆಸುಗೆ ಬಿರುಕುಬಿಟ್ಟಿರುವುದು, ಮೋಟರಿನ ಸುತ್ತುಗಳು ಬಿಸಿಗೆ ಕೆಡುವುದು, ಕ್ರ್ಯಾಂಕ್ ಸೆನ್ಸರ್ ಬಿಸಿಯಲ್ಲಿ ಕೈಕೊಡುವುದು ಇದಕ್ಕೆ ಸಾಮಾನ್ಯ ಕಾರಣಗಳು. ಮೂರನ್ನೂ ಬೇರೆಬೇರೆ ಮಾಡಿ ನೋಡದೆ ತೀರ್ಮಾನಿಸಬಾರದು.

ಪರೀಕ್ಷೆಯ ಕ್ರಮ

ಸುಲಭವಾದುದರಿಂದ ಕಷ್ಟದ್ದಕ್ಕೆ, ಬಿಚ್ಚದೆ ನೋಡಬಹುದಾದುದರಿಂದ ಬಿಚ್ಚಿ ನೋಡಬೇಕಾದುದಕ್ಕೆ ಸಾಗಬೇಕು.

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂಬುದು ಮೊದಲ ಪ್ರಶ್ನೆ. ತೇಲುಬುರುಡೆ ಸಿಕ್ಕಿಕೊಂಡರೆ ಮೀಟರಿನ ಮುಳ್ಳು ಸುಳ್ಳು ಹೇಳುತ್ತದೆ. ಬಳಿಕ ಬ್ಯಾಟರಿ. ಎಂಜಿನ್ ನಿಂತಿರುವಾಗ ಸುಮಾರು 12.4ರಿಂದ 12.7 ವೋಲ್ಟ್, ಓಡುವಾಗ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು.

ಮೂರನೆಯದು ಕಿವಿಗೊಡುವುದು. ಒಬ್ಬರು ಕೀ ಆನ್ ಮಾಡಿದಾಗ ಇನ್ನೊಬ್ಬರು ಹಿಂದಿನ ಸೀಟಿನ ಬಳಿ ಆಲಿಸಬೇಕು. ಸದ್ದು ಬಂದರೆ ಪಂಪಿಗೆ ವಿದ್ಯುತ್ ಬರುತ್ತಿದೆ ಎಂದಾಯಿತು. ಸಾಕಷ್ಟು ಬರುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ನಾಲ್ಕನೆಯದು ಫ್ಯೂಸ್. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಒಮ್ಮೆ ಹಾಕಿ ನೋಡಬಹುದು. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಪಂಪ್ ಬಿಗಿದುಕೊಂಡು ಹೆಚ್ಚು ಕರೆಂಟ್ ಎಳೆಯುತ್ತಿದೆ. ದೊಡ್ಡ ಫ್ಯೂಸ್ ಅಥವಾ ತಂತಿ ಸುತ್ತಿ ಓಡಿಸುವುದು ಬೆಂಕಿಗೆ ಆಹ್ವಾನ.

ಐದನೆಯದು ರಿಲೇ. ಅದೇ ನಮೂನೆಯ ಇನ್ನೊಂದು ರಿಲೇಯನ್ನು, ಹಲವು ಕಾರುಗಳಲ್ಲಿ ಹಾರ್ನಿನದನ್ನು, ಅದಲುಬದಲು ಮಾಡುವುದು ಚುರುಕಾದ ಪರೀಕ್ಷೆ. ರಿಲೇಯ ತಳದಲ್ಲಿ 30, 87, 85, 86 ಎಂಬ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯ ಕರೆಂಟ್ ಬರುತ್ತದೆ, 87ರಿಂದ ಪಂಪಿಗೆ ಹೋಗುತ್ತದೆ. 85 ಮತ್ತು 86 ರಿಲೇಯ ಸುರುಳಿಯ ಎರಡು ತುದಿಗಳು. ರಿಲೇ ತೆಗೆದು ಸಾಕೆಟಿನ 30 ಮತ್ತು 87ನ್ನು ಫ್ಯೂಸ್ ಇರುವ ಜಂಪರ್ ವೈರಿನಿಂದ ಕೂಡಿಸಿದಾಗ ಪಂಪ್ ಓಡಿದರೆ ಪಂಪೂ ಅದರತ್ತ ಹೋಗುವ ವೈರೂ ಜೀವಂತ. ದೋಷ ರಿಲೇಯಲ್ಲಿ ಅಥವಾ ಅದಕ್ಕೆ ಆಜ್ಞೆ ಕೊಡುವ ಬದಿಯಲ್ಲಿದೆ. ಓಡದಿದ್ದರೆ ಹುಡುಕಾಟ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹೋಗಬೇಕು. ಆದರೆ ವೇಗ ನಿಯಂತ್ರಿಸುವ ಪ್ರತ್ಯೇಕ ಮಾಡ್ಯೂಲ್ ಇರುವ ಪಂಪುಗಳಿಗೆ, ಮೂರು ವೈರಿನ ಬ್ರಷ್‌ರಹಿತ ಮೋಟರುಗಳಿಗೆ ಈ ಜಂಪರ್ ಪರೀಕ್ಷೆ ಸಲ್ಲದು. ಅಂಥ ಗಾಡಿಗಳಲ್ಲಿ ಕಂಪನಿಯ ವೈರಿಂಗ್ ನಕ್ಷೆ ನೋಡಿಯೇ ಮುಂದುವರಿಯಬೇಕು.

ಭಾರದಡಿಯ ವೋಲ್ಟೇಜ್

ದೋಷ ಪತ್ತೆಯಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಕಪ್ಲರ್ ಬಳಿ. ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ 12.4 ವೋಲ್ಟ್ ಬಂತೆಂದು ‘ಕರೆಂಟ್ ಬರುತ್ತಿದೆ, ಪಂಪ್ ಹೋಗಿದೆ’ ಎಂದು ಹೇಳಿಬಿಡುವುದುಂಟು. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಆ ಎಳೆಯ ಮೂಲಕ 5 ಆಂಪಿಯರ್ ಹರಿಯಬೇಕಾದಾಗ ಮಾತ್ರ ಅದರ ಬಂಡವಾಳ ಬಯಲಾಗುತ್ತದೆ.

ನದಿ ನೀರಾವರಿಯ ಈ ಸೀಮೆಯಲ್ಲಿ ಈ ತತ್ವ ರೈತರಿಗೆ ಹೊಸದಲ್ಲ. ಪಂಪ್‌ಸೆಟ್ಟಿನ ಮೋಟರ್ ನಿಂತಿರುವಾಗ ಸರಿಯಾಗಿ ತೋರುವ ವೋಲ್ಟೇಜು ಅದು ಚಾಲೂ ಆದೊಡನೆ ಕುಸಿಯುವುದನ್ನು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತವರೆಲ್ಲ ಕಂಡಿರುತ್ತಾರೆ. ಕಾರಿನ ಪಂಪಿನಲ್ಲಿ ನೋಡಬೇಕಾದದ್ದೂ ಅದೇ ಕುಸಿತ. ಒಂದು ವ್ಯತ್ಯಾಸ ಮಾತ್ರ ತಿಳಿದಿರಬೇಕು. ಪಂಪ್‌ಸೆಟ್ಟಿನ ಎಸಿ ಮೋಟರ್ ವೋಲ್ಟೇಜ್ ಇಳಿದರೆ ಹೆಚ್ಚು ಕರೆಂಟ್ ಎಳೆದು ಸುಡುತ್ತದೆ. ಕಾರಿನ ಡಿಸಿ ಮೋಟರ್ ವೋಲ್ಟೇಜ್ ಇಳಿದರೆ ನಿಧಾನವಾಗುತ್ತದೆ, ಪೆಟ್ರೋಲಿನ ಒತ್ತಡ ಮತ್ತು ಹರಿವು ಕುಗ್ಗುತ್ತವೆ. ಹಾಗಾಗಿ ಇಲ್ಲಿ ಮೋಟರ್ ಸುಟ್ಟ ವಾಸನೆ ಬರುವುದಿಲ್ಲ. ಪಿಕಪ್ ಇಲ್ಲದ ಗಾಡಿ ಮಾತ್ರ ಉಳಿಯುತ್ತದೆ.

ಅಳೆಯುವ ವಿಧಾನ ಇದು. ಕಪ್ಲರ್ ಬಿಚ್ಚದೆ, ಅದರ ಹಿಂಬದಿಯಿಂದ ತೆಳು ಪಿನ್ ತೂರಿಸಿ, ಪಂಪ್ ಓಡುತ್ತಿರುವಾಗ ಅದರ ಎರಡು ವೈರುಗಳ ನಡುವೆ ವೋಲ್ಟೇಜ್ ನೋಡಬೇಕು. ಒಂದು ಉದಾಹರಣೆ: ಬ್ಯಾಟರಿಯಲ್ಲಿ 12.4 ವೋಲ್ಟ್, ಪಂಪಿನಲ್ಲಿ 9.3 ವೋಲ್ಟ್ ಬಂತು. ನಡುವೆ 3.1 ವೋಲ್ಟ್ ಕಾಣೆಯಾಗಿದೆ. ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದನ್ನು ಪಂಪಿನ ಪ್ಲಸ್ ವೈರಿಗೆ ಹಿಡಿದಾಗ 0.4 ವೋಲ್ಟ್ ತೋರಿತು. ಬ್ಯಾಟರಿಯ ಮೈನಸ್ ಮತ್ತು ಪಂಪಿನ ಅರ್ಥ್ ವೈರ್ ನಡುವೆ ಹಿಡಿದಾಗ 2.7 ವೋಲ್ಟ್ ತೋರಿತು. ಕಳೆದುಹೋದದ್ದು ಅರ್ಥ್ ಬದಿಯಲ್ಲಿ. ಪಂಪ್ 5 ಆಂಪಿಯರ್ ಎಳೆಯುತ್ತಿದ್ದರೆ ಅಲ್ಲಿರುವ ಅಡ್ಡಿ ಸುಮಾರು ಅರ್ಧ ಓಮ್ ಮಾತ್ರ. ಅಷ್ಟಕ್ಕೇ ಪಂಪಿನ ಬಲ ಕುಗ್ಗಿ, ಆ ಜಾಗದಲ್ಲಿ 13 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಕಪ್ಲರ್ ಕರಗಿ ಕಂದುಬಣ್ಣಕ್ಕೆ ತಿರುಗುವುದು ಇಂಥ ಶಾಖದಿಂದಲೇ. ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದರೆ ಈ ಗಾಡಿಗೆ ಹೊಸ ಪಂಪ್ ಬೇಕಾಗುವುದಿಲ್ಲ. ಸಾಮಾನ್ಯವಾಗಿ ಪ್ಲಸ್ ಬದಿಯಲ್ಲಿ ಅರ್ಧ ವೋಲ್ಟಿಗಿಂತ, ಅರ್ಥ್ ಬದಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕುಸಿತ ಇರಬಾರದು.

ಮೀಟರ್ ಇಲ್ಲದ ಕಡೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಟೆಸ್ಟ್ ಲ್ಯಾಂಪಾಗಿ ಬಳಸಬಹುದು. ಅದು ಸುಮಾರು 1.7 ಆಂಪಿಯರ್ ಎಳೆಯುವುದರಿಂದ ದುರ್ಬಲ ವೈರಿನಲ್ಲಿ ಮಂದವಾಗಿ ಉರಿದು ಸುಳಿವು ಕೊಡುತ್ತದೆ. ಪುಟ್ಟ ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಬಾರದು.

ಕರೆಂಟ್ ಮತ್ತು ಅಲೆ

ವೋಲ್ಟೇಜ್ ಸರಿಯಿದ್ದರೆ ಮುಂದೆ ಅಳೆಯಬೇಕಾದದ್ದು ಪಂಪ್ ಎಳೆಯುವ ಕರೆಂಟ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಫ್ಯೂಸ್ ಬಳಿಯ ವೈರಿಗೆ ಹಾಕಿದರೆ ಸಾಕು, ಟ್ಯಾಂಕ್ ಮುಟ್ಟುವ ಅಗತ್ಯವಿಲ್ಲ. ಸಾಮಾನ್ಯ ಕಾರಿನ ಪಂಪ್ 4ರಿಂದ 8 ಆಂಪಿಯರ್ ಎಳೆಯುತ್ತದೆ. ನಿಖರ ಅಂಕಿಗೆ ಆಯಾ ಕಂಪನಿಯ ಕೈಪಿಡಿಯೇ ಪ್ರಮಾಣ. ಕರೆಂಟ್ ಹೆಚ್ಚಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಇಂಪೆಲ್ಲರ್ ಬಿಗಿಯಾಗಿದೆ. ಕಡಿಮೆಯಿದ್ದರೆ ವೈರಿಂಗಿನಲ್ಲಿ ಅಡ್ಡಿ, ಸವೆದ ಬ್ರಷ್, ಅಥವಾ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದೆ ಬರಿದೆ ತಿರುಗುವಿಕೆ. ಸೊನ್ನೆಯಿದ್ದರೆ ದಾರಿಯೇ ತುಂಡಾಗಿದೆ.

ಆಸಿಲೋಸ್ಕೋಪ್ ಇದ್ದರೆ ಇನ್ನೂ ಆಳಕ್ಕೆ ಹೋಗಬಹುದು. ಮೋಟರಿಗೆ ಕರೆಂಟ್ ಕೊಡುವ ಬ್ರಷ್ ಕಮ್ಯುಟೇಟರಿನ (ಮೋಟರಿನೊಂದಿಗೆ ತಿರುಗುವ ಪಟ್ಟಿಗಳ ಉಂಗುರ) ಒಂದೊಂದು ಪಟ್ಟಿ ದಾಟಿದಾಗಲೂ ಪರದೆಯ ಮೇಲೆ ಒಂದೊಂದು ದಿಬ್ಬ ಮೂಡುತ್ತದೆ. ಎಂಟು ಪಟ್ಟಿಗಳ ಮೋಟರಿನಲ್ಲಿ ಎಂಟು ದಿಬ್ಬ ಅಂದರೆ ಒಂದು ಸುತ್ತು. ಎಂಟು ದಿಬ್ಬಗಳಿಗೆ 10 ಮಿಲಿಸೆಕೆಂಡ್ ಹಿಡಿದರೆ ಮೋಟರ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎಂದು ಲೆಕ್ಕ. ಪ್ರತಿ ಸುತ್ತಿನಲ್ಲೂ ಒಂದೇ ದಿಬ್ಬ ತಗ್ಗಿದ್ದರೆ ಆ ಪಟ್ಟಿ ಸತ್ತಿದೆ. ಇಂಥ ಪಂಪ್ ಆ ಜಾಗದಲ್ಲಿ ನಿಂತರೆ ಮತ್ತೆ ಹೊರಡುವುದಿಲ್ಲ. ಟ್ಯಾಂಕಿಗೆ ರಬ್ಬರ್ ಸುತ್ತಿಗೆಯಿಂದ ಮೆತ್ತಗೆ ತಟ್ಟಿದಾಗ ಹೊರಡುತ್ತದೆ. ಹಾಗೆ ಹೊರಟರೆ ರೋಗ ಗೊತ್ತಾಯಿತೇ ಹೊರತು ವಾಸಿಯಾಗಲಿಲ್ಲ. ಊರು ಮುಟ್ಟಿದೊಡನೆ ಪಂಪ್ ಬದಲಿಸಬೇಕು.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಇಸಿಯು ದಾಖಲಿಸಿದ ದೋಷಗಳನ್ನು ಸ್ಕ್ಯಾನರ್ ಎಂಬ ಉಪಕರಣ ಸಂಕೇತಗಳಾಗಿ ತೋರಿಸುತ್ತದೆ. ಪಿ0230, ಪಿ0231, ಪಿ0232, ಪಿ0627 ಸಂಕೇತಗಳು ಪಂಪಿನ ವಿದ್ಯುತ್ ಅಥವಾ ನಿಯಂತ್ರಣ ಮಾರ್ಗದ ದೋಷವನ್ನು ಸೂಚಿಸುತ್ತವೆ. ಪಿ0087 ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ (ರೇಲ್) ಒತ್ತಡ ಕಡಿಮೆ ಎನ್ನುತ್ತದೆ. ಇವು ಬೀದಿಯನ್ನು ತೋರಿಸುತ್ತವೆ, ಮನೆಯನ್ನಲ್ಲ. ಒತ್ತಡದ ಸೆನ್ಸರ್ ಇಲ್ಲದ ಕಾರುಗಳಲ್ಲಿ ಪಂಪ್ ಸೊರಗಿದ್ದರೂ ಯಾವ ಸಂಕೇತವೂ ಬರದೆ ಹೋಗಬಹುದು. ಸ್ಕ್ಯಾನರಿನ ನಿಜವಾದ ಉಪಯೋಗ ಇನ್ನೊಂದಿದೆ: ಸೆಲ್ಫ್ ಹೊಡೆಯುವಾಗ ಪರದೆಯಲ್ಲಿ ಆರ್‌ಪಿಎಂ ಸೊನ್ನೆಯೇ ಉಳಿದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರಿನ ಮೇಲೆ ಬೀಳಬೇಕು. ಆಗ ಪಂಪ್ ನಿಂತಿರುವುದು ಇಸಿಯು ಆಜ್ಞೆಯಂತೆ. ಕೀ ಗುರುತಿಸದ ಇಮ್ಮೊಬಿಲೈಸರ್ ಕೂಡ ಕೆಲವು ಗಾಡಿಗಳಲ್ಲಿ ಇದೇ ಲಕ್ಷಣ ತೋರಿಸುತ್ತದೆ.

ತಯಾರಿಕೆಯ ದೋಷ ಮತ್ತು ಮರುಕರೆ

ಕೆಲವೊಮ್ಮೆ ದೋಷ ಪಂಪಿನದೇ ಆಗಿರುತ್ತದೆ. ಮಾರುತಿ ಸುಜುಕಿ 2020ರ ಜುಲೈಯಲ್ಲಿ ಇಂಧನ ಪಂಪಿನ ಸಂಭವನೀಯ ದೋಷಕ್ಕಾಗಿ ವ್ಯಾಗನ್–ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ವಾಪಸು ಕರೆಸಿತು. 2024ರ ಮಾರ್ಚಿನಲ್ಲಿ ಪಂಪ್ ಮೋಟರಿನ ಒಂದು ಭಾಗಕ್ಕಾಗಿ 11,851 ಬಲೆನೊ ಮತ್ತು 4,190 ವ್ಯಾಗನ್–ಆರ್ ಕಾರುಗಳಿಗೆ ಮತ್ತೆ ಕರೆ ಹೋಯಿತು. ಹೋಂಡಾ 2024ರ ಅಕ್ಟೋಬರಿನಲ್ಲಿ ಹಳೆಯ ಮಾದರಿಗಳ 90,468 ಕಾರುಗಳ ಪಂಪ್ ಬದಲಿಸುವುದಾಗಿ ಪ್ರಕಟಿಸಿತು. ಅಲ್ಲಿ ದೋಷವಿದ್ದದ್ದು ಇಂಪೆಲ್ಲರಿನಲ್ಲಿ. ಇಂಪೆಲ್ಲರ್ ಸಿಕ್ಕಿಕೊಳ್ಳುವುದು ಯಾಂತ್ರಿಕ ದೋಷವೇ ಆದರೂ ಫ್ಯೂಸ್ ಸುಡುವ ಮೂಲಕ ವಿದ್ಯುತ್ ದೋಷದಂತೆ ಕಾಣಬಹುದು. ಮರುಕರೆಯಲ್ಲಿ ಪಂಪ್ ಬದಲಾವಣೆ ಉಚಿತ. ಆದ್ದರಿಂದ ಕೆಎ–29, ಕೆಎ–48 ಯಾವ ನೋಂದಣಿಯ ಗಾಡಿಯೇ ಇರಲಿ, ಸ್ವಂತ ಹಣ ಹಾಕುವ ಮೊದಲು ಚಾಸಿ ಸಂಖ್ಯೆಯನ್ನು ಕಂಪನಿಯ ಮರುಕರೆ ಪಟ್ಟಿಯಲ್ಲಿ ನೋಡಿಸಬೇಕು.

ಪ್ರಾದೇಶಿಕ ಕಾರಣಗಳು

ನೆರೆ: 2009ರಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ಭಾಗದ ತೀರದ ಊರುಗಳಿಗೆ ನೀರು ನುಗ್ಗಿತ್ತು. ಸೀಟಿನ ಮಟ್ಟಕ್ಕೆ ನೀರು ನಿಂತ ಕಾರಿನಲ್ಲಿ ಪಂಪಿನ ಮೇಲಿನ ಕಪ್ಲರ್, ಅರ್ಥ್ ಬೋಲ್ಟ್, ಕೆಲವು ಮಾದರಿಗಳಲ್ಲಿ ಇಸಿಯು ಕೂಡ ತೊಯ್ಯುತ್ತವೆ. ನೀರು ಇಳಿದೊಡನೆ ಗಾಡಿ ಸ್ಟಾರ್ಟ್ ಆದರೂ ವಾರಗಳ ಬಳಿಕ ಪಿನ್ನುಗಳ ಮೇಲೆ ಹಸಿರು ಕಿಲುಬು ಬೆಳೆದು ತೊಂದರೆ ಶುರುವಾಗುತ್ತದೆ. ಮುಳುಗಿದ ಗಾಡಿಗೆ ಸೆಲ್ಫ್ ಹೊಡೆಯಬಾರದು. ಬ್ಯಾಟರಿಯ ಮೈನಸ್ ಬಿಚ್ಚಿ, ಕಪ್ಲರುಗಳನ್ನು ತೆರೆದು ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಟ್ಯಾಂಕಿನ ಪೆಟ್ರೋಲಿನಲ್ಲಿ ನೀರು ಸೇರಿದೆಯೇ ನೋಡಬೇಕು.

ಇಲಿ: ಕಬ್ಬು ಕಟಾವಾದ ಹೊಲಗಳಿಂದ ಇಲಿ, ಹೆಗ್ಗಣಗಳು ಮನೆ, ಶೆಡ್ಡುಗಳ ಕಡೆ ಬರುತ್ತವೆ. ಕಡಿದ ವೈರ್ ಸಾಮಾನ್ಯವಾಗಿ ಸೀಟಿನ ಅಡಿ ಅಥವಾ ಟ್ಯಾಂಕಿನ ಮೇಲಿನ ಸಂದಿಯಲ್ಲಿ ಸಿಗುತ್ತದೆ. ಟೇಪ್ ಸುತ್ತಿದ ತೇಪೆ ತೇವ ಹಿಡಿಯುತ್ತದೆ. ಬೆಸೆದು, ಬಿಸಿಗೆ ಬಿಗಿಯುವ ಸ್ಲೀವ್ ಹಾಕಬೇಕು.

ಮಣ್ಣು ಮತ್ತು ರಸ್ತೆ: ನುರಿಸುವ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಹಳ್ಳಿ ರಸ್ತೆಗಳ ಅದುರು ಕಪ್ಲರನ್ನು ಸಡಿಲಿಸುತ್ತದೆ. ಎರೆಮಣ್ಣಿನ ಕೆಸರು ಗಾಡಿಯ ಕೆಳಭಾಗದಲ್ಲಿ ಮೆತ್ತಿಕೊಂಡು ತೇವ ಹಿಡಿದಿಡುವುದರಿಂದ ಅರ್ಥ್ ಬೋಲ್ಟ್ ತುಕ್ಕು ಹಿಡಿಯುತ್ತದೆ.

ಎಥನಾಲ್: ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಮುಧೋಳದ ನಿರಾಣಿ ಶುಗರ್ಸ್, ಸಮೀರವಾಡಿಯ ಗೋದಾವರಿ ಕಾರ್ಖಾನೆಗಳು ಕಬ್ಬಿನಿಂದ ಎಥನಾಲ್ ತಯಾರಿಸುತ್ತವೆ. ಪಂಪಿನ ದೃಷ್ಟಿಯಿಂದ ಎರಡು ಗುಣಗಳನ್ನು ನೆನಪಿಡಬೇಕು: ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮತ್ತು ಪೆಟ್ರೋಲಿಗಿಂತ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಟ್ಯಾಂಕಿಗೆ ನೀರು ಹೆಚ್ಚಾಗಿ ಸೇರಿದರೆ ನೀರು–ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪ್ ಕುಳಿತಿರುವುದೂ ಅಲ್ಲಿಯೇ. ತಾಮ್ರದ ಕಮ್ಯುಟೇಟರ್, ಪಿನ್ನುಗಳು ಆಗ ಬೇಗ ಸವೆಯುತ್ತವೆ. ಎಥನಾಲಿಗೆ ತಾಳುವ ಪಂಪುಗಳಲ್ಲಿ ಇಂಗಾಲದ ಕಮ್ಯುಟೇಟರ್ ಬಳಸುವುದು ಈ ಕಾರಣಕ್ಕೆ. ಹಳೆಯ ಕಾರಿಗೆ ಪಂಪ್ ಕೊಳ್ಳುವಾಗ ಇ20ಕ್ಕೆ ಒಪ್ಪುವುದನ್ನೇ ಕೇಳಿ ತರಬೇಕು. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ಮುಚ್ಚಳ ಭದ್ರವಾಗಿರಬೇಕು.

ಸುರಕ್ಷತೆ

ಪೆಟ್ರೋಲಿನ ಆವಿ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಏಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 1.4ರಿಂದ 7.6 ಇದ್ದಾಗ ಸ್ಫೋಟಿಸಬಲ್ಲದು. ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ, ಗ್ಯಾರೇಜಿನ ಗುಂಡಿಯಲ್ಲಿ ಮಡುಗಟ್ಟುತ್ತದೆ. ಅಳತೆಗಳನ್ನು ಟ್ಯಾಂಕ್ ಮುಚ್ಚಿರುವಾಗಲೇ ಮುಗಿಸಬೇಕು. ಪಂಪ್ ಹೊರತೆಗೆಯುವ ಮುನ್ನ ಲೈನಿನ ಒತ್ತಡ ಇಳಿಸಿ, ಬ್ಯಾಟರಿಯ ಮೈನಸ್ ಬಿಚ್ಚಬೇಕು. ತೆರೆದ ಟ್ಯಾಂಕಿನ ಬಳಿ ಟೆಸ್ಟ್ ಲ್ಯಾಂಪ್, ಬೀಡಿ, ವೆಲ್ಡಿಂಗ್, ಗ್ರೈಂಡರ್ ಯಾವುದೂ ಇರಕೂಡದು. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು. ಹೊರತೆಗೆದ ಪಂಪನ್ನು ನೇರವಾಗಿ ಬ್ಯಾಟರಿಗೆ ತಾಗಿಸಿ ‘ಓಡುತ್ತದೆಯೇ ನೋಡೋಣ’ ಎನ್ನುವ ರೂಢಿ ಎಲ್ಲಕ್ಕಿಂತ ಅಪಾಯಕಾರಿ: ಪೆಟ್ರೋಲಿನಿಂದ ತೊಯ್ದ ಮೋಟರು, ತಂತಿ ತಾಗುವಾಗಿನ ಕಿಡಿ, ಸುತ್ತಲಿನ ಗಾಳಿ ಮೂರೂ ಒಂದೇ ಕಡೆ ಸೇರುತ್ತವೆ.

ಕಲಿಕೆ ಮತ್ತು ರೂಢಿ

ಐಟಿಐಗಳ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯಲ್ಲಿ ವಿದ್ಯುತ್ ಮಾಪನ ಪಾಠದ ಭಾಗ. ಆದರೂ ಸಣ್ಣ ಊರುಗಳ ಬಹುಪಾಲು ಮೆಕ್ಯಾನಿಕರು ಹಿರಿಯರ ಕೈಕೆಳಗೆ ಕೆಲಸ ಮಾಡುತ್ತಲೇ ಕಲಿತವರು. ಅವರ ಕಿವಿ, ಕೈ ಸೂಕ್ಷ್ಮವಾಗಿರುತ್ತವೆ. ಅದಕ್ಕೆ ಒಂದು ಮಲ್ಟಿಮೀಟರ್, ಡಿಸಿ ಕ್ಲ್ಯಾಂಪ್ ಮೀಟರ್, ಒತ್ತಡ ಅಳೆಯುವ ಗೇಜ್ ಜೊತೆಯಾದರೆ ಊಹೆಯಿಂದ ಪಂಪ್ ಬದಲಿಸುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ. ಪಂಪ್ ಅಸೆಂಬ್ಲಿ ಸಾವಿರಾರು ರೂಪಾಯಿಯ ಸಾಮಾನು; ತುಕ್ಕು ಹಿಡಿದ ಅರ್ಥ್ ಬೋಲ್ಟಿನ ರಿಪೇರಿಗೆ ಬೇಕಾದುದು ಒಂದು ತುಂಡು ಉಜ್ಜುಕಾಗದ. ಪಂಪ್ ಓಡುವಾಗಿನ ವೋಲ್ಟೇಜ್ ಎಷ್ಟು, ಅದು ಎಳೆಯುವ ಕರೆಂಟ್ ಎಷ್ಟು ಎಂಬ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದುಕೊಡುವುದು ಮೆಕ್ಯಾನಿಕನಿಗೆ ಗೌರವ ತರುವ ರೂಢಿ. ಅವನ್ನು ಕೇಳಿ ಪಡೆಯುವುದು ಗಾಡಿ ಮಾಲೀಕನ ಹಕ್ಕು.